ನೆಗಡಿ ಬಂದರೆ ಮೂಗು ಕೊಯ್ಯುವ ವೈದ್ಯರು

ನಮ್ಮ ಕೂಟದಲ್ಲಿ ಕಂಪ್ಯೂಟರ್ ಪಂಡಿತರಿಗೆ ಬರವಿಲ್ಲ. "ಶುರುವಾಗುತ್ತಿಲ್ಲ" ಎಂದರೆ ಸಾಕು, ನಾಡಿ ಹಿಡಿಯುವ ಮೊದಲೇ ಔಷಧ ಹೇಳುತ್ತಾರೆ: "ಫಾರ್ಮ್ಯಾಟ್ ಮಾಡಿಬಿಡಿ." ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರಂತೂ ಬೇರೆ ಮಾತೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರು ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳುತ್ತಿದ್ದಾರೆ. ಆದ್ದರಿಂದ ಈ ಮಾತನ್ನು ಈಗಲೇ ಆಡಬೇಕು.

ಇಂಥ ಯಂತ್ರ ಶುರುವಾಗದಿದ್ದಾಗ ಹೆಚ್ಚಾಗಿ ಕೆಟ್ಟಿರುವುದು ಬೂಟ್‌ಲೋಡರ್ ಮಾತ್ರ. ಅದು ಬಾಗಿಲಲ್ಲಿ ನಿಂತು ದಾರಿ ತೋರಿಸುವವನು, ಮನೆಯಲ್ಲ. ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಅದರ ಮೊದಲ ತುಂಡು ಇರುವುದು ಮೊಟ್ಟಮೊದಲ 512 ಬೈಟ್‌ಗಳಲ್ಲಿ. ಪಾರ್ಟಿಷನ್‌ಗಳ ಪಾಲುಪಟ್ಟಿಯೂ ಅಲ್ಲೇ, ಬರೀ 64 ಬೈಟ್. ವಿಂಡೋಸ್ ಮತ್ತೆ ಹಾಕಿದರೆ ಬಾಗಿಲವನನ್ನು ತಳ್ಳಿ ತನ್ನವನನ್ನು ನಿಲ್ಲಿಸುತ್ತದೆ. ಲಿನಕ್ಸ್ ಎಲ್ಲಿಗೂ ಹೋಗಿರುವುದಿಲ್ಲ. ಪಾಲುಪಟ್ಟಿ ಕಳೆದುಹೋದರೂ ಹೊಲ ಸುಟ್ಟುಹೋಗುವುದಿಲ್ಲ. ಹೊಸ ಜಿಪಿಟಿ ಪದ್ಧತಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೇ ಇರುತ್ತದೆ.

2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಅಪ್‌ಡೇಟಿನಿಂದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಶುರುವಾಗದೆ ನಿಂತಿತು. ಹಳೆಯ ಬೂಟ್‌ಲೋಡರ್‌ಗಳನ್ನು ಸೆಕ್ಯೂರ್ ಬೂಟ್ ಒಪ್ಪದಂತೆ ಮಾಡಿದ್ದೇ ಕಾರಣ. ಕಡತಗಳೆಲ್ಲ ಇದ್ದಲ್ಲೇ ಇದ್ದವು. ಸೆಕ್ಯೂರ್ ಬೂಟ್ ಆಫ್ ಮಾಡಿ, ಒಳಹೊಕ್ಕು ಸರಿಪಡಿಸಬಹುದಿತ್ತು.

"ಹೊಸದಾಗಿ ಹಾಕಿದರೆ ಒಂದು ಗಂಟೆಯ ಕೆಲಸ" ಎನ್ನುತ್ತಾರೆ. ನಿಜ, ಯಂತ್ರ ಗಂಟೆಯಲ್ಲಿ ಶುರುವಾಗುತ್ತದೆ. ಆದರೆ ಅಜ್ಜಿಯ ಫೋಟೋಗಳು, "ಬರಹ"ದಲ್ಲಿ ಟೈಪ್ ಮಾಡಿಟ್ಟ ರಾಜ್ಯೋತ್ಸವದ ನಾಟಕ? ಅವನ್ನು ಯಾವ ಪಂಡಿತರು ತಂದುಕೊಡುತ್ತಾರೆ?

ಸರಿಯಾದ ಕ್ರಮ ಕಷ್ಟವೇನಲ್ಲ. ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ, ತಜ್ಞರಿಗೆ ಒಪ್ಪಿಸಿ. ಇಲ್ಲವಾದರೆ ಪೆನ್ ಡ್ರೈವಿನಿಂದ ಲಿನಕ್ಸ್ ಶುರುಮಾಡಿ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಆಮೇಲೆ ಬೂಟ್ ಆರ್ಡರ್ ನೋಡಿ. ಎಷ್ಟೋ ಸಲ ವಿಂಡೋಸ್ ಸಾಲಿನಲ್ಲಿ ಮುಂದೆ ಬಂದಿರುತ್ತದೆ, ಅಷ್ಟೆ. ಅದೂ ಅಲ್ಲದಿದ್ದರೆ ಗ್ರಬ್ ಮತ್ತೆ ಹಾಕಿ. ಪಾಲುಪಟ್ಟಿಯೇ ಅಳಿಸಿದ್ದರೆ ಆ ಡಿಸ್ಕಿಗೆ ಏನನ್ನೂ ಬರೆಯದೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಇಂದೇ ಕಾಗದದಲ್ಲಿ ಬರೆದಿಡಿ. ಸೆಕ್ಯೂರ್ ಬೂಟ್ ಬದಲಿಸಿದರೆ ಅದನ್ನು ಕೇಳಬಹುದು.

ಪಂಡಿತರಲ್ಲಿ ಒಂದೇ ವಿನಂತಿ. ಮುಂದಿನ ಸಲ ಯಾರಾದರೂ ಕರೆದಾಗ, ಬಾಯಿಗೆ "ಫಾರ್ಮ್ಯಾಟ್" ಬರುವ ಮೊದಲು "ನಕಲು ಇದೆಯೇ?" ಎಂದು ಕೇಳಿ. ಇಲ್ಲ ಎಂದರೆ ಕೀಬೋರ್ಡ್ ಮುಟ್ಟಬೇಡಿ.