ಹಾಲಿಗೆ ಹಸಿರು ಚುಕ್ಕೆ, ತತ್ತಿಗೆ ಪಂಚಾಯ್ತಿ



ಶಹಾಪುರ, ಸುರಪುರದ ಯಾವ ಕಿರಾಣಿ ಅಂಗಡಿಗೆ ಹೋದ್ರೂ ಪಾಕೀಟಿನ ಮ್ಯಾಲೆ ಹಸಿರು ಚುಕ್ಕೆ ಕಾಣ್ತದ. 2001ರಲ್ಲಿ ಕೇಂದ್ರ ಸರ್ಕಾರ ತಂದ ಪದ್ಧತಿ ಇದು. ಹಸಿರು ಅಂದ್ರೆ ಸಸ್ಯಾಹಾರ, ಕಂದು ಅಂದ್ರೆ ಮಾಂಸಾಹಾರ. ಆದರೆ ಯಾವುದು ಮಾಂಸಾಹಾರ ಅಂತ ಕಾನೂನು ಹೆಂಗ ತೀರ್ಮಾನ ಮಾಡ್ತದ ಅನ್ನೋದನ್ನ ಎಷ್ಟು ಮಂದಿ ಓದೀರಿ?

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪ್ರಾಣಿ, ಹಕ್ಕಿ, ಹುಳ, ಮೀನು, ತತ್ತಿ ಅಥವಾ ಪ್ರಾಣಿಮೂಲದ ಯಾವುದೇ ಪದಾರ್ಥ ಇದ್ದರೂ ಅದು ಮಾಂಸಾಹಾರ. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರ್ತಿದ್ದೆ. ಆದರೆ ಅದರ ಹಿಂದೇನೇ ಒಂದು ವಿನಾಯ್ತಿ ಪಟ್ಟಿ ಬರ್ತದ: ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಅರಗು. ಅರಗು ಅಂದ್ರೆ ಗಿಡದ ಕೊಂಬೆ ಮ್ಯಾಲೆ ಹುಳ ಒಸರಿಸೋ ಅಂಟು. ಮಿಠಾಯಿಗೆ ಹೊಳಪು ಬರ್ಲಿ ಅಂತ ಅದನ್ನ ಸವರ್ತಾರ. ಹುಳದ ಅಂಟಿಗೆ ಹಸಿರು ಚುಕ್ಕೆ, ಕೋಳಿ ತತ್ತಿಗೆ ಕಂದು ತ್ರಿಕೋನ!

ಇನ್ನೊಂದು ತಮಾಷೆ ಕೇಳ್ರಿ. ಇದೇ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಬೇರೆ ನಿಯಮ ಮಾಡಿತು. ಅಲ್ಲಿ ಹಾಲು, ಜೇನು ಎರಡೂ ಪ್ರಾಣಿಮೂಲದ ಪದಾರ್ಥ, ಹಂಗಾಗಿ ನಡೆಯೋದಿಲ್ಲ. ಅಂದಮೇಲೆ ಹಾಲು ಎಲ್ಲಿಂದ ಬರ್ತದ ಅನ್ನೋದು ಇವರಿಗೆ ಚೆನ್ನಾಗಿ ಗೊತ್ತದ. ಗೊತ್ತಿದ್ದೂ ಹಸಿರು ಚುಕ್ಕೆ ಕೊಟ್ಟಾರ. ಇದು ವಿಜ್ಞಾನ ಅಲ್ಲ. ಮೇಲ್ಜಾತಿಯ ಅಡುಗೆಮನೆಯಲ್ಲಿ ಏನು ನಡೀತದೋ ಅದು ಹಸಿರು, ಏನು ನಡೆಯೋದಿಲ್ಲವೋ ಅದು ಕಂದು. ಮಡಿ-ಮೈಲಿಗೆಗೆ ಗೆಜೆಟ್ ನಂಬರ್ ಸಿಕ್ಕದ, ಅಷ್ಟೇ.

ಪಾಕೀಟಿನ ಮ್ಯಾಲೆ ಗುರುತೇ ಬೇಡ ಅಂತ ನಾನು ಹೇಳ್ತಿಲ್ಲ. ತಿನ್ನೋರಿಗೆ ಒಳಗೇನಿದೆ ಅಂತ ಗೊತ್ತಾಗಬೇಕು. ನನ್ನ ಸಿಟ್ಟು ಇರೋದು ಈ ಚುಕ್ಕೆ ಪಾಕೀಟಿನಿಂದ ಇಳಿದು ನಮ್ಮ ಮಕ್ಕಳ ತಟ್ಟೆಗೆ ಬಂದು ಕೂತದ್ದಕ್ಕೆ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯ್ತು. ಹಾಲು ಕೊಡೋ ಮುಂಚೆ 'ನಿಮ್ಮ ಧರ್ಮಕ್ಕೆ ನಡೀತದೇನು' ಅಂತ ಯಾರನ್ನಾದ್ರೂ ಕೇಳಿದ್ರಾ? ಇಲ್ಲ. ಒಳ್ಳೇದೇ ಆಯ್ತು, ಮಕ್ಕಳು ಕುಡೀಲಿ. ಆದರೆ ತತ್ತಿ ಬರೋಕೆ 2021ರ ಡಿಸೆಂಬರ್ ತನಕ ಕಾಯಬೇಕಾಯ್ತು. ಅದೂ ಯಾದಗಿರಿ, ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗೆ ಮಾತ್ರ, ಮಾರ್ಚ್‌ವರೆಗೆ ಮಾತ್ರ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಕೇಂದ್ರದ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳ್ತದ. ಅಂಥಾ ಮಕ್ಕಳ ತತ್ತಿಗೆ ಕೆಲವು ಮಠಾಧೀಶರು ಅಡ್ಡ ಬಂದರು. ಅವರಿಗೆ ಎದುರು ನಿಂತು ತತ್ತಿ ಬೇಕು ಅಂದದ್ದು ಗಂಗಾವತಿಯ ಒಬ್ಬ ಶಾಲಾ ಹುಡುಗಿ.

ಆಮೇಲೆ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿ ಮಕ್ಕಳನ್ನ, ತತ್ತಿ ಸಿಗದ ಗದಗ ಜಿಲ್ಲೆ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು. ನಮ್ಮ ಅವ್ವಂದಿರಿಗೆ ಗೊತ್ತಿದ್ದದ್ದೇ ಇದು. ಆದರೂ ತೂಕದ ಯಂತ್ರದ ಮ್ಯಾಲೆ ನಿಂತು ಸಾಬೀತು ಮಾಡಿದ ಮೇಲೇ 2022ರಲ್ಲಿ ತತ್ತಿ ಇಡೀ ರಾಜ್ಯಕ್ಕೆ ಹೋಯ್ತು. ಹಾಲಿಗೆ ಯಾರೂ ಇಂಥಾ ಪರೀಕ್ಷೆ ಇಟ್ಟಿರಲಿಲ್ಲ.

ಈಗ ವಾರಕ್ಕೆ ಆರು ದಿನ ತತ್ತಿ ಅಂತ ಬೀಗೋರು ಲೆಕ್ಕ ನೋಡ್ರಿ. ಸರ್ಕಾರದ ದುಡ್ಡು ಎರಡು ದಿನಕ್ಕೆ. ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು, 2024ರಿಂದ ಮೂರು ವರ್ಷಕ್ಕೆ. ಕೊಟ್ಟವರಿಗೆ ಶರಣು. ಆದರೆ ಹಾಲು ಸರ್ಕಾರದ ಯೋಜನೆ, ತತ್ತಿ ಮಾತ್ರ ದಾನ ಯಾಕೆ? ಮೂರು ವರ್ಷ ಮುಗಿದ ಮರುದಿನ ಏನು? ಬಿಸಿಯೂಟದ ಅಕ್ಕಂದಿರಿಗೆ ಒಂದು ತತ್ತಿ ಸುಲಿದ್ರೆ 30 ಪೈಸೆ ಅಂತ ಇದೇ ಸರ್ಕಾರ ಲೆಕ್ಕ ಹಾಕಿತ್ತು. ಪೈಸೆ ಎಣಿಸೋಕೆ ಬರೋ ಸರ್ಕಾರಕ್ಕೆ ನಾಲ್ಕು ದಿನದ ತತ್ತಿಗೆ ಬಜೆಟ್ಟಿನಲ್ಲಿ ಒಂದು ಸಾಲು ಬರೆಯೋಕೆ ಬರೋದಿಲ್ಲೇನು?

ಇನ್ನೊಂದು ಮಾತು. ತತ್ತಿ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಭಾಗದ ಒಂದು ಶಾಲೆಯಲ್ಲಿ 'ತತ್ತಿ ತಿನ್ನೋರು ಕೈ ಎತ್ರಿ' ಅಂತ ತರಗತಿಯಲ್ಲೇ ಕೇಳಿ, ಎರಡು ಸಾಲು ಮಾಡಿ ಕೂಡಿಸಿದ್ದನ್ನ ನಾನೇ ನೋಡೀನಿ. ಒಂದು ಸಾಲು ಬಹುಪಾಲು ನಮ್ಮ ಕೇರಿಯದು. ಅಲ್ಲಿ ಸಿದ್ಧವಾದದ್ದು ಊಟದ ಪಟ್ಟಿ ಅಲ್ಲ, ಜಾತಿ ಪಟ್ಟಿ. ಪಾಕೀಟಿನ ಮ್ಯಾಲಿನ ಚುಕ್ಕೆ ಮಕ್ಕಳ ಹಣೆ ಮ್ಯಾಲೆ ಬಂದದ್ದು ಹಿಂಗೆ.

ಅದಕ್ಕೆ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಈ ಮೂರು ಮಾತು ಬರೆಸ್ರಿ. ಒಂದು, ಆಯ್ಕೆಯನ್ನ ಪಾಲಕರ ಹತ್ರ ಕಾಗದದಲ್ಲಿ ಕೇಳಬೇಕು, ತರಗತಿಯಲ್ಲಿ ಕೈ ಎತ್ತಿಸಬಾರದು. ಎರಡು, ತತ್ತಿಗೂ ಬಾಳೆಹಣ್ಣಿಗೂ ಒಂದೇ ಪಂಕ್ತಿ. ಮೂರು, ಆರೂ ದಿನದ ತತ್ತಿ ಸರ್ಕಾರದ ಬಜೆಟ್ಟಿನಿಂದಲೇ ಬರಬೇಕು. ಬರೆಸಿದ ಠರಾವಿನ ಫೋಟೋ ಇಲ್ಲಿ ಕಮೆಂಟಿನಲ್ಲಿ ಹಾಕ್ರಿ, ಒಟ್ಟುಗೂಡಿಸಿ ಜಿಲ್ಲಾಧಿಕಾರಿಗೆ ಕೊಡೋಣ.

ಜೈ ಭೀಮ್.