ಕೊಡೆ ಹಿಡಿಯದ ಶಿಲೀಂಧ್ರಗಳು

ಯಾದಗಿರಿ ಜಿಲ್ಲೆಯಲ್ಲಿ ಕಾಡೆಲ್ಲಿದೆ ಎಂದು ಮಲೆನಾಡಿನವರು ನಗುತ್ತಾರೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಸುತ್ತ, ಸುರಪುರದ ಬಂಡೆಗಳ ಸಂದಿಯಲ್ಲಿ ಹಬ್ಬಿದ ಬೇವು, ಜಾಲಿ, ಬಾರಿ, ಕಕ್ಕೆ, ಸೀತಾಫಲಗಳ ಕುರುಚಲನ್ನು ಅವರು ಕಾಡೆಂದು ಒಪ್ಪುವುದಿಲ್ಲ. ಅರಣ್ಯಶಾಸ್ತ್ರ ಒಪ್ಪುತ್ತದೆ. ಚಾಂಪಿಯನ್ ಮತ್ತು ಸೇಥ್ 1968ರಲ್ಲಿ ಮಾಡಿದ ವರ್ಗೀಕರಣದಲ್ಲಿ ಎಲೆಯುದುರುವ ಒಣಕಾಡಿಗೂ ಮುಳ್ಳುಕಾಡಿಗೂ ಜಾಗವಿದೆ. ನನ್ನ ಕುತೂಹಲ ಮಾತ್ರ ಬೇರೆ: ಈ ಕುರುಚಲಿನ ಬುಡದ ಮಣ್ಣಿನಲ್ಲಿ ಯಾವ ಶಿಲೀಂಧ್ರ ನೆಲೆಸಬೇಕೆಂದು ಗೊತ್ತುಮಾಡುವವರು ಯಾರು?

ಅಣಬೆ ಎಣಿಸಿ ಉತ್ತರ ಹೇಳಹೊರಟರೆ ಕೆಟ್ಟೆವು. ಮಿರಗದ ಮಳೆಯ ಹಿಂದೆಯೇ ಹುತ್ತದ ಮೇಲೇಳುವ ರುಚಿಯ ಅಣಬೆ ಒರಲಿಗಳು ಗೂಡಿನೊಳಗೆ ಸಾಕಿಕೊಂಡ ಬೆಳೆ. ಮರದ ಬೇರಿಗೂ ಅದಕ್ಕೂ ನಂಟಿಲ್ಲ. ಇಲ್ಲಿನ ಮರಗಳ ನಿಜವಾದ ಜೊತೆಗಾರ ಬೇರಿನ ಜೀವಕೋಶದೊಳಗೇ ಪುಟ್ಟ ಪೊದೆಯಾಗಿ ಕವಲೊಡೆಯುವ ಶಿಲೀಂಧ್ರ. ಮಣ್ಣಿನ ರಂಜಕವನ್ನು ಮರಕ್ಕೆ ತಂದುಕೊಟ್ಟು ಸಕ್ಕರೆ ಪಡೆಯುತ್ತದೆ, ಎಂದೂ ಕೊಡೆ ಹಿಡಿದು ಹೊರಬರುವುದಿಲ್ಲ. ಕೊಡಗಿನ ಉಪ್ಪಂಗಳದ ಮಳೆಕಾಡಿಗೆ ಹೋದರೆ ಸಂಗತಿ ಬೇರೆ. ಅಲ್ಲಿ ಧೂಪದ ಕುಲದ ಮರಗಳ ಬೇರತುದಿಗೆ ಹೊರಗಿನಿಂದ ಕವಚ ತೊಡಿಸುವ, ಅಣಬೆಯಾಗಿ ಏಳುವ ಶಿಲೀಂಧ್ರಗಳಿವೆ. ಮರ ಬದಲಾದಂತೆ ಬೇರಿನ ಬೀಗರೂ ಬದಲು.

ಮರವೊಂದೇ ಯಜಮಾನನಲ್ಲ. ಜಗತ್ತಿನ 365 ಕಡೆಯ ಮಣ್ಣು ತರಿಸಿ ನೋಡಿದ ಎಸ್ಟೋನಿಯಾದ ಲೆಹೊ ತೆದರ್ಸೂ ತಂಡ 2014ರಲ್ಲಿ ಕಂಡುಕೊಂಡದ್ದು, ಹವಾಮಾನದ ಕೈ ಎಲ್ಲಕ್ಕಿಂತ ದೊಡ್ಡದು, ಅದರ ಹಿಂದೆ ಮಣ್ಣಿನ ಗುಣ. ಮರುವರ್ಷ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಬೇರೊಳಗಿನ ಈ ಶಿಲೀಂಧ್ರಗಳಲ್ಲಿ ನೂರಕ್ಕೆ 93ರಷ್ಟು ಬಗೆಗಳು ಒಂದಕ್ಕಿಂತ ಹೆಚ್ಚು ಖಂಡಗಳಲ್ಲಿವೆ. ಅಂದರೆ ಊರೂರು ಸುತ್ತಲು ಅವಕ್ಕೆ ಅಡ್ಡಿಯಿಲ್ಲ. ಎಲ್ಲಿ ನೆಲೆಯೂರಬೇಕೆಂಬುದಷ್ಟೇ ಆಯಾ ನೆಲದ ನಿರ್ಧಾರ.

ನೆಲ ಎಂದರೆ ನಮ್ಮಲ್ಲಿ ಎರಡು. ಗ್ರಾನೈಟ್ ಗುಡ್ಡ ಸವೆದು ಆದ ಮಸಾರಿ. ಕೃಷ್ಣಾ, ಭೀಮಾ ಬಯಲಿನ ಎರಿ. ಮಸಾರಿಯಲ್ಲಿ ರಂಜಕವನ್ನು ಕಬ್ಬಿಣ ಹಿಡಿದಿಟ್ಟರೆ ಎರಿಯಲ್ಲಿ ಸುಣ್ಣ ಹಿಡಿಯುತ್ತದೆ. ಎರಿ ಕ್ಷಾರದ ಮಣ್ಣು, ಬ್ಯಾಸಿಗಿಗೆ ಆಳುದ್ದ ಬಿರಿಯುತ್ತದೆ, ಬೇರೂ ಶಿಲೀಂಧ್ರದ ಎಳೆಯೂ ಹರಿಯುತ್ತವೆ. ಒಣಗಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಉಸಿರು ಬಿಡುವುದನ್ನು ಎಚ್. ಎಫ್. ಬರ್ಚ್ ಪೂರ್ವ ಆಫ್ರಿಕಾದಲ್ಲಿ 1958ರಷ್ಟು ಹಿಂದೆಯೇ ವಿವರಿಸಿದ್ದರು. (ಆ ಹೊತ್ತಿನ ಮಣ್ಣಿನ ವಾಸನೆ ಶಿಲೀಂಧ್ರದ್ದಲ್ಲ, ಶಿಲೀಂಧ್ರದ ವೇಷದ ಬ್ಯಾಕ್ಟೀರಿಯಾದ್ದು.) ಎಂಟು ತಿಂಗಳ ಒಣಗಾಲ ತಾಳಿ ಬೀಜಕಣವಾಗಿ ಮಲಗಬಲ್ಲವೇ ಇಲ್ಲಿ ಬದುಕಿಯಾವು.

ಮರವೋ ಮಣ್ಣೋ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಬಿಡಿಸುವುದು ಕಷ್ಟ, ಕಾರಣ ಅದರೊಳಗೆ ನೇಗಿಲೂ ಸೇರಿದೆ. ಎರಿ ಪೂರಾ ಹೊಲವಾಯಿತು; ಹೊಲವಾಗದ ಕಲ್ಲುಗುಡ್ಡ, ಮಸಾರಿಯಲ್ಲಷ್ಟೇ ಕಾಡು ಉಳಿಯಿತು. ಹೀಗಾಗಿ ನಮ್ಮ ಕಾಡಿನ ಶಿಲೀಂಧ್ರಗಳು ಅಂದರೆ ಮಸಾರಿಯ ಶಿಲೀಂಧ್ರಗಳು ಎಂದೇ ಅರ್ಥ. ಅದರ ಮೇಲೆ ನೆಡುತೋಪು. ಮಸಾರಿಗೆ ನೀಲಗಿರಿ ಬಂದಾಗ ಬೇರಿನ ಹೊರಗೆ ಕವಚ ನೇಯುವ ಅದರ ಶಿಲೀಂಧ್ರಗಳೂ ಬಂದು ನೆಲೆಯೂರುತ್ತವೆ. 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಮಾತೆಲ್ಲ ಅಂತರ್ಜಲದ್ದು. ನೀಲಗಿರಿ ಕಿತ್ತ ಜಾಗದಲ್ಲಿ ಕಕ್ಕೆ, ಬೇವು ನೆಡುವವರು ಆ ಸಸಿಗಳ ಮಣ್ಣಿನ ಸಂಗಾತಿಗಳನ್ನೂ ಕೇಳಿಕೊಳ್ಳಬೇಕಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಬೇರಿನ ಈ ಸ್ನೇಹವನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ. ನರ್ಸರಿಯ ಚೀಲದಲ್ಲೇ ತಕ್ಕ ಶಿಲೀಂಧ್ರ ಸೇರಿಸಿದರೆ ಸಸಿ ಬಲವಾಗುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಚೀಲಕ್ಕೆ ರಂಜಕದ ಗೊಬ್ಬರ ಸುರಿದರೆ ಸಸಿ ಆ ಸ್ನೇಹವನ್ನೇ ಕಡಿಮೆ ಮಾಡಿಕೊಳ್ಳುತ್ತದೆ ಎಂಬುದೂ ಅಷ್ಟೇ ಹಳೆಯದು.

ಎರಿಯಲ್ಲಿ ಕಾಡಿನ ನೆನಪು ಇನ್ನೂ ಇರುವುದಾದರೆ ಹಳ್ಳದ ದಂಡೆ, ಹೊಲದ ಬದುವಿನ ಕರಿಜಾಲಿಗಳ ಬುಡದಲ್ಲಿ. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದಮೇಲೆ ಶಹಾಪುರ, ಸುರಪುರದ ಎಷ್ಟೋ ಎರಿ ಹೊಲ ಭತ್ತದ ಗದ್ದೆಯಾಗಿದೆ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಗಾಳಿ ಸಿಗದೆ ಬೇರಿನ ಶಿಲೀಂಧ್ರ ಸೊರಗುತ್ತದೆ. ಗದ್ದೆ ಸಮ ಮಾಡುವಾಗ ಮೊದಲು ಹೋಗುವುದೇ ಬದುವಿನ ಜಾಲಿ. ಗುಡ್ಡಕ್ಕಿಂತ ಮೊದಲು ಮಣ್ಣು ತೆಗೆದು ಪರೀಕ್ಷಿಸಬೇಕಾದದ್ದು ಆ ಬದುಗಳಲ್ಲಿ.