ಓಣಿಯ ಮರಿ ಯಾರ ಹೆಸರಿಗೆ?

ನಮ್ಮ ಕಡೆ ಹೊಲವಿರಲಿ, ಮನೆಯಿರಲಿ, ಅದು ಯಾರ ಹೆಸರಿಗಿದೆ ಎಂದು ಮೊದಲು ಕೇಳುತ್ತಾರೆ. ನಾಯಿಯ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ಏಳುವುದೇ ಇಲ್ಲ. ಹರಪನಹಳ್ಳಿ ತಾಲೂಕಿನ ನಮ್ಮ ಅರಸೀಕೆರೆಯಲ್ಲಿ ಒಂದೊಂದು ಓಣಿಗೂ ನಾಲ್ಕಾರು ನಾಯಿಗಳಿವೆ. ಈ ಮನೆಯಲ್ಲಿ ಅರ್ಧ ರೊಟ್ಟಿ, ಆ ಮನೆಯಲ್ಲಿ ಮಿಕ್ಕ ಮುದ್ದೆ ತಿಂದು ರಾತ್ರಿಯೆಲ್ಲ ಓಣಿ ಕಾಯುತ್ತವೆ. ಮರಿ ಹಾಕಿದ ನಾಯಿಗೆ ಅಂಬಲಿ ಇಡುವ ಕೈಗಳೂ ಇವೆ. ಆದರೆ ಅದಕ್ಕೆ ಹುಣ್ಣಾದಾಗ, ಅದು ಯಾರದೋ ಮಗುವನ್ನು ಕಚ್ಚಿದಾಗ ‘ನಮ್ಮದು’ ಎಂದು ಮುಂದೆ ಬರುವವರಿಲ್ಲ. ಅನ್ನ ಹಾಕುವುದು ಬೇರೆ, ಸಾಕುವುದು ಬೇರೆ. ನಮ್ಮ ಕರುಣೆ ಮೊದಲನೆಯದಕ್ಕೇ ನಿಂತುಬಿಟ್ಟಿದೆ.

ಹೋದ ಸುಗ್ಗಿಯಲ್ಲಿ ನಮ್ಮ ಹಿತ್ತಲ ಬಣವೆಯ ಬುಡದಲ್ಲಿ ಕೆಂಚು ಬಣ್ಣದ ನಾಯಿಯೊಂದು ಐದು ಮರಿ ಹಾಕಿತು. ಎರಡು ತಿಂಗಳು ತುಂಬುವುದರೊಳಗೆ ಎರಡು ಮರಿ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕವು, ಒಂದು ರಕ್ತಭೇದಿಯಾಗಿ ಸತ್ತಿತು, ಇನ್ನೊಂದನ್ನು ಹುಡುಗರು ಎತ್ತಿಕೊಂಡು ಹೋದರು, ಅದು ಏನಾಯಿತೋ. ಇದು ನಮ್ಮ ಹಿತ್ತಲಿನ ದುರದೃಷ್ಟ ಮಾತ್ರವಲ್ಲ. ಕೋಲ್ಕತ್ತಾದ ಐಸರ್ ಸಂಸ್ಥೆಯ ಸಂಶೋಧಕರು 364 ಬೀದಿಮರಿಗಳ ಜಾಡು ಹಿಡಿದು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಯಕ್ಕೆ ಬರುವವರೆಗೆ ಬದುಕುಳಿದದ್ದು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿನ ಹಿಂದೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರಿದ್ದರು. ಓಣಿ ತಾನೇ ಸಾಕಿಕೊಳ್ಳುತ್ತದೆ ಎಂಬ ನಮ್ಮ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಮ್ಮ ಪಾಲಿಗೆ ಉಳಿದದ್ದು ಒಂದು ಹೆಣ್ಣು ಮರಿ. ಯಾರು ಕೂತರೂ ಮಡಿಲಿಗೇರುವ, ಚಪ್ಪಲಿ ಕಂಡರೆ ಕಚ್ಚಿಕೊಂಡು ಅಂಗಳ ಸುತ್ತುವ ಮರಿ. ಒಳಗೆ ತಂದ ದಿನ ಅವ್ವ ತಡೆದಳು: “ಹೆಣ್ಮರಿ ಯಾಕ ತಂದ್ಯಪ್ಪಾ? ನಾಳೆ ಮನಿ ತುಂಬ ಮರಿ ಆಕ್ಕಾವು.” ಓಣಿಯವರ ಆಕ್ಷೇಪ ಬೇರೆಯೇ ಇತ್ತು. ಸಾಕುವುದಾದರೆ ಜಾತಿ ನಾಯಿ ತರಬೇಕಿತ್ತು, ಈ ಕಂತ್ರಿ ಯಾಕೆ?

ಎರಡನೆಯ ಆಕ್ಷೇಪವನ್ನು ಮೊದಲು ನೋಡೋಣ. ಕಂತ್ರಿ ಎಂಬುದು ಇಂಗ್ಲಿಷಿನ ‘ಕಂಟ್ರಿ’ಯಿಂದ ಬಂದ ಮಾತು. ನಾಡಿನದು, ಈ ನೆಲದ್ದು ಎಂದಷ್ಟೇ ಅದರ ಅರ್ಥ. ಹೊರಗಿನಿಂದ ಬಂದವರು ಇಟ್ಟ ಹೆಸರನ್ನು ನಾವು ಬೈಗುಳ ಮಾಡಿಕೊಂಡು, ನಮ್ಮ ನೆಲದ ನಾಯಿಯನ್ನೇ ಕೀಳು ಎಂದು ನಂಬಿದೆವು. ‘ಜಾತಿ’ ಎಂಬ ಮಾತನ್ನು ಪ್ರಾಣಿಗೂ ಅಂಟಿಸಿ ಮೇಲು ಕೀಳು ಎಣಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಸೈಬೀರಿಯಾದ ಹಿಮಕ್ಕೆಂದು ಬೆಳೆದ ಹಸ್ಕಿಯನ್ನು ಇಲ್ಲಿ ತಗಡಿನ ಮನೆಯಲ್ಲಿ ಕಟ್ಟುವುದು ಪ್ರೀತಿಯೇ? ಒಂದೇ ರಕ್ತದೊಳಗೆ ಮತ್ತೆ ಮತ್ತೆ ಕೂಡಿಸಿ ಬೆಳೆಸಿದ ತಳಿಗಳಿಗೆ ಹುಟ್ಟಿನಿಂದಲೇ ಬರುವ ಕಾಯಿಲೆಗಳಿವೆ: ಪಗ್‌ಗೆ ಉಸಿರಾಟದ್ದು, ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನದು. ಬೆರಕೆ ಮರಿಗೆ ಕಾಯಿಲೆಯೇ ಬಾರದು ಎಂದಲ್ಲ. ಆದರೆ ಈ ಬಿಸಿಲು, ಈ ಊಟ ಅದರ ಅಜ್ಜ ಅಜ್ಜಿಯರನ್ನು ಎಂದೋ ಸೋಸಿಬಿಟ್ಟಿವೆ.

ನಾಯಿಯನ್ನು ಕೀಳೆಂದು ಕಾಣುವುದು ಈ ಸೀಮೆಯ ಹಳೆಯ ಮನಸ್ಸೂ ಅಲ್ಲ. ಹಡಗಲಿ ತಾಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು ಕಂಡಿದ್ದಾರೆ: ಕರಿ ಕಂಬಳಿ ಹೊದ್ದ ಗೊರವರು ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತಾರೆ, ದೋಣಿ ಎಂಬ ಭಿಕ್ಷಾಪಾತ್ರೆಗೆ ಬಾಯಿ ಹಚ್ಚಿ ಉಣ್ಣುತ್ತಾರೆ. ದೇವರ ನಾಯಿಯಾಗುವುದು ಅಲ್ಲಿ ಸೇವೆ. ಇನ್ನೂ ಹಿಂದೆ ಹೋದರೆ ಮಂಡ್ಯ ಸೀಮೆಯ ಆತಕೂರಿನ ಶಾಸನವಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕಾದರೂ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಒಳಗಾಗುತ್ತಾನೆಂದೂ ಬರೆಸಿದ. ಹತ್ತನೆಯ ಶತಮಾನದ ಮಾತಿದು. ನಾಯಿಯನ್ನು ತನ್ನದೆಂದು ಪಡೆದವನು ಅದು ಸತ್ತ ಮೇಲೂ ಅದರ ಹೊಣೆ ಬಿಡಲಿಲ್ಲ ಎಂಬುದೇ ನನಗೆ ಆ ಕಲ್ಲಿನಲ್ಲಿ ಕಾಣುವ ದೊಡ್ಡ ಸಂಗತಿ.

ಇನ್ನು ಅವ್ವನ ಆಕ್ಷೇಪ. ಅದು ಸರಿಯಾದದ್ದು, ಮರುಕದ ಮಾತಿನಿಂದ ಅದನ್ನು ಹಾರಿಸುವಂತಿಲ್ಲ. ಜನ ಗಂಡು ಮರಿಗಳನ್ನೇ ಆರಿಸಿಕೊಂಡು ಹೋಗುತ್ತಾರೆ, ಹೆಣ್ಣು ಓಣಿಯಲ್ಲಿ ಉಳಿಯುತ್ತದೆ, ಗರ್ಭ ಕಟ್ಟಿದ ಅರವತ್ತಮೂರು ದಿನಕ್ಕೆ ಮತ್ತೆ ಐದಾರು ಮರಿ ಹಾಕುತ್ತದೆ. ಹಾಗಾಗಿ ಯಾರಾದರೂ ಕೇಳಿದರೆ ಹೆಣ್ಣು ಮರಿಯನ್ನೇ ಒಯ್ಯಿರಿ ಎನ್ನುತ್ತೇನೆ, ಆರು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾತು ಕೊಟ್ಟು.

ಒಯ್ಯುವ ಮೊದಲು ಎಂಟು ವಾರವಾದರೂ ಮರಿ ತಾಯಿಯ ಬಳಿ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳೊಡನೆ ಆಡುವಾಗಲೇ. ಕಣ್ಣು ಬಿಟ್ಟ ವಾರಕ್ಕೇ ಕಿತ್ತು ತಂದು ಆಕಳ ಹಾಲು ಕುಡಿಸಿದರೆ ಹೊಟ್ಟೆ ಕೆಡುತ್ತದೆ. ಆರರಿಂದ ಎಂಟು ವಾರದೊಳಗೆ ಪಾರ್ವೊ ಲಸಿಕೆ, ಮತ್ತೆ ಅದರ ಮುಂದಿನ ಸುತ್ತುಗಳು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ರೇಬಿಸ್ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು, ಅದು ಮನುಷ್ಯರಿಗೆ ಬರುವುದು ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ನಾಯಿಯಿಂದಲೇ. ಲಸಿಕೆ ಹಾಕಿಸದೆ ಮುದ್ದು ಮಾಡುವುದು ಮಕ್ಕಳ ಜೀವದ ಜೊತೆಗಿನ ಆಟ. ಚುರುಕಿನ ಮರಿಯನ್ನು ಹಗಲೆಲ್ಲ ಸರಪಳಿಗೆ ಕಟ್ಟುವುದೂ ತಪ್ಪು. ಅದರ ಓಟ ಸಿಟ್ಟಾಗಿ ತಿರುಗುತ್ತದೆ.

ಮಕ್ಕಳಿಗೇ ಹಾಲಿಲ್ಲದ ಮನೆಗೆ ಇದೆಲ್ಲ ಹೇಗೆ ಸಾಧ್ಯ ಎಂದರೆ, ಎಲ್ಲರೂ ಸಾಕಬೇಕಿಲ್ಲ. ಒಲ್ಲೆ ಎನ್ನುವುದು ಪ್ರಾಮಾಣಿಕವಾದದ್ದು. ನಾಲ್ಕು ತಿಂಗಳು ಆಡಿಸಿ, ಬೆಳೆದ ಮೇಲೆ ಕೊಟ್ಟೂರಿನ ರಸ್ತೆಯಲ್ಲೋ ಸಂತೆಯಲ್ಲೋ ಇಳಿಸಿ ಬರುವುದನ್ನು ಮಾತ್ರ ನಾನು ಒಪ್ಪಲಾರೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ಹಿಂದಿನ ಆದೇಶ ತಿದ್ದುವಾಗ, ದತ್ತು ಪಡೆಯಲು ಬಯಸುವವರು ಅರ್ಜಿ ಹಾಕಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ ಎಂದಿತು. ಪೇಟೆಗೆ ಹೇಳಿದ ಆ ಮಾತು ನಮ್ಮ ಓಣಿಗೂ ಸಲ್ಲುತ್ತದೆ.

ಮೊದಲ ಲಸಿಕೆಗೆ ಪಶು ಆಸ್ಪತ್ರೆಗೆ ಹೋದಾಗ ಅವ್ವನೂ ಬಂದಿದ್ದಳು. ಕಾರ್ಡಿನಲ್ಲಿ ತಳಿ ಎಂಬ ಸಾಲಿಗೆ ‘ನಾಡನಾಯಿ’ ಎಂದು ಬರೆಸಿದೆ. ಮಾಲೀಕರ ಹೆಸರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಮರಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದ ಅವ್ವ ಅಂದಳು: “ನನ್ನ ಹೆಸರು ಬರಕೊಳ್ರೀ. ಅಪ್ರೇಸನ್ನು ಯಾವಾಗ ಅಂತಾನೂ ಅದರಾಗ ಬರೀರಿ.”